ಜಗಲಿ ಕಲ್ಲಿನ ಮೇಲೆ ಗೀಗರ್ ಕೌಂಟರ್ 340 ತೋರಿಸುತ್ತಿದೆ: ತಪ್ಪು ಕಲ್ಲಿನದೋ, ಕಿಟ್‌ನದೋ? [ಪರಿಹಾರವಾಗಿದೆ]

ರೇಷ್ಮೆಗೂಡು (ಬಂಗಾರಪೇಟೆ ತಾಲ್ಲೂಕು)

ಕಳೆದ ವಾರ ಗೀಗರ್ ಕೌಂಟರ್ (ವಿಕಿರಣ ಎಣಿಸುವ ಯಂತ್ರ) ಕಿಟ್ ಜೋಡಿಸಿದೆ. ವಿಕಿರಣ ಹಿಡಿಯುವ ಜೆ305 ಟ್ಯೂಬ್, ಎಣಿಕೆಗೆ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಬೋರ್ಡ್, ಪ್ರತಿ ಎಣಿಕೆಗೂ ಟಿಕ್ಕೆನ್ನುವ ಒಂದು ಬಜರ್, ಇಷ್ಟೇ. ರಾತ್ರಿ ಕೋಣೆಯಲ್ಲಿ ನಿಮಿಷಕ್ಕೆ 25ರಿಂದ 33 ಎಣಿಕೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಜಗಲಿಯ ಚಪ್ಪಡಿ ಕಲ್ಲಿನ ಮೇಲಿಟ್ಟರೆ 340! ಒಮ್ಮೆ 410ಕ್ಕೂ ಹೋಯಿತು. ಪಕ್ಕದಲ್ಲೇ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಅವರು ದಿನಕ್ಕೆ ನಾಲ್ಕು ಗಂಟೆ ಕೂರುವ ಜಾಗ ಅದು. ಅಪ್ಪ ಚಪ್ಪಡಿ ಕೀಳಿಸುವ ಮಾತಾಡುತ್ತಿದ್ದಾರೆ.

ಮಲ್ಟಿಮೀಟರ್‌ನಲ್ಲಿ ಟ್ಯೂಬಿನ ವೋಲ್ಟೇಜ್ ನೋಡಿದೆ, 290 ಇತ್ತು. 380 ಇರಬೇಕು ಎಂದು ಓದಿದ್ದರಿಂದ ವೋಲ್ಟೇಜ್ ಹೊಂದಿಸುವ ತಿರುಪು ತಿರುಗಿಸಿ 380ಕ್ಕೆ ತಂದೆ. ಈಗ ಕೋಣೆಯಲ್ಲೂ 45 ದಾಟುತ್ತಿದೆ. ದಯವಿಟ್ಟು ಬೇಗ ಹೇಳಿ.

ಬೆಸುಗೆಕಡ್ಡಿ

ಮೊದಲು ಆ ತಿರುಪನ್ನು ಹಿಂದಕ್ಕೆ ತಿರುಗಿಸಿ. ಸಾಮಾನ್ಯ ಮಲ್ಟಿಮೀಟರ್‌ನ ಒಳರೋಧ 10 ಮೆಗಾಓಮ್. ನಮಗದು ದೊಡ್ಡದು, ಈ ಪುಟ್ಟ ಸರ್ಕ್ಯೂಟ್‌ಗೆ ಅದೇ ಹೊರೆ. ಕಡ್ಡಿ ಮುಟ್ಟಿಸಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ನೀವು ಕಂಡ 290 ಕುಸಿದ ಮೇಲಿನ ಅಂಕಿ. ಅದನ್ನು ನಂಬಿ ಏರಿಸಿದ್ದೀರಿ, ಟ್ಯೂಬಿಗೆ ಈಗ 380ಕ್ಕಿಂತ ಬಹಳ ಹೆಚ್ಚು ಹೋಗುತ್ತಿದೆ. ಹೀಗೇ ಬಿಟ್ಟರೆ ಟ್ಯೂಬ್ ಬೇಗ ಸಾಯುತ್ತದೆ. ನಾನು ಒಂದನ್ನು ಹೀಗೆಯೇ ಕೊಂದಿದ್ದೇನೆ.

ಇನ್ನು 340ರ ವಿಷಯ. ಜೆ305 ಗಾಜಿನ ಟ್ಯೂಬ್. ಹನ್ನೊಂದು ಗಂಟೆಗೆ ಜಗಲಿಯ ಮೇಲೆ ಬಿಸಿಲು ಇತ್ತೇ? ಬಿಸಿಲಿನ ನೇರಳಾತೀತ ಕಿರಣಗಳು ಒಳಗಿನ ವಿದ್ಯುತ್ ಹರಿಸುವ ಪದರದಿಂದ ಎಲೆಕ್ಟ್ರಾನ್ ಕೀಳುತ್ತವೆ, ಟ್ಯೂಬ್ ಅದನ್ನೂ ಎಣಿಸಿಬಿಡುತ್ತದೆ. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ದಪ್ಪ ರಟ್ಟಿನ ಪೆಟ್ಟಿಗೆ ಕವುಚಿ ಎಣಿಸಿ ನೋಡಿ. ತಪ್ಪು ಕಲ್ಲಿನದಾದರೆ ರಟ್ಟಿಗೆ ಎಣಿಕೆ ಇಳಿಯುವುದಿಲ್ಲ.

ನಂದಿತಪ್ಪಲು

ಹತ್ತಿರದಲ್ಲಿ ಮೊಬೈಲ್ ಟವರ್ ಇದೆಯೇ? ಅದರ ವಿಕಿರಣವೂ ಇರಬಹುದು.

ಬೆಸುಗೆಕಡ್ಡಿ

ಇಲ್ಲ. ಟವರ್‌ನಿಂದ ಬರುವುದು ರೇಡಿಯೋ ತರಂಗ. ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿ ಅದಕ್ಕಿಲ್ಲ, ಗೀಗರ್ ಟ್ಯೂಬಿಗೆ ಅದು ಕಾಣುವುದೂ ಇಲ್ಲ. ಮೊಬೈಲನ್ನು ಬೋರ್ಡಿಗೆ ತಾಗಿಸಿ ಇಟ್ಟರೆ ಮಾತ್ರ ತಂತಿಗಳು ಅದರ ಗದ್ದಲವನ್ನು ಹಿಡಿದು ಸುಳ್ಳು ಎಣಿಕೆ ಕೊಡಬಹುದು. ಒಂದು ಅಡಿ ದೂರವಿಡಿ.

ರೇಷ್ಮೆಗೂಡು

ಪೆಟ್ಟಿಗೆ ಕವುಚಿದ ಕೂಡಲೇ 340 ಇದ್ದದ್ದು 40ಕ್ಕೆ ಬಿತ್ತು! ತಿರುಪು ಮೊದಲಿನ ಜಾಗಕ್ಕೆ ಬಂದಿದೆ, ಟ್ಯೂಬಿಗೆ ಎರಡು ಸುತ್ತು ಕಪ್ಪು ಟೇಪ್ ಸುತ್ತಿದ್ದೇನೆ. ಆದರೂ ಕೋಣೆಗಿಂತ ಕಲ್ಲಿನ ಮೇಲೆ ಸ್ವಲ್ಪ ಹೆಚ್ಚೇ ಬರುತ್ತಿದೆ. ನನ್ನ ಭ್ರಮೆಯೇ?

ಬಂಡೆಮೇಷ್ಟ್ರು

ಒಂದು ನಿಮಿಷದ ಎಣಿಕೆ ನಂಬಬೇಡಿ. 30 ಬಂದರೆ ಅದರ ವರ್ಗಮೂಲದಷ್ಟು, ಅಂದರೆ ಐದಾರು, ಆಚೀಚೆ ಓಲಾಡುವುದು ಸಹಜ. ಎರಡೂ ಕಡೆ ಹತ್ತು ಹತ್ತು ನಿಮಿಷ ಎಣಿಸಿ ಹೇಳಿ.

ಜೊತೆಗೆ ಕಿಟ್ಟನ್ನೂ ಪರೀಕ್ಷಿಸಿಬಿಡಿ. ತೋಟಕ್ಕೆ ತಂದ ಪೊಟ್ಯಾಷ್ ಮೂಟೆ ಮನೆಯಲ್ಲಿದ್ದರೆ ಅದರ ಮೇಲೊಮ್ಮೆ, ಯೂರಿಯಾ ಮೂಟೆಯ ಮೇಲೊಮ್ಮೆ ಇಡಿ. ಪೊಟ್ಯಾಷ್‌ನಲ್ಲಿ ಸುಮಾರು ಅರ್ಧ ತೂಕ ಪೊಟ್ಯಾಸಿಯಂ. ಪೊಟ್ಯಾಸಿಯಂ ಎಲ್ಲೇ ಇರಲಿ, ಒಂದು ಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ತಾವಾಗಿಯೇ ಒಡೆದು ವಿಕಿರಣ ಸೂಸುತ್ತಿರುತ್ತವೆ. ಯೂರಿಯಾದಲ್ಲಿ ಪೊಟ್ಯಾಸಿಯಂ ಇಲ್ಲ. ಹಾಗಾಗಿ ಒಂದರ ಮೇಲೆ ಏರಬೇಕು, ಇನ್ನೊಂದರ ಮೇಲೆ ಏರಬಾರದು.

ರೇಷ್ಮೆಗೂಡು

ಹತ್ತು ನಿಮಿಷಕ್ಕೆ ಕೋಣೆಯಲ್ಲಿ 291, ಜಗಲಿ ಕಲ್ಲಿನ ಮೇಲೆ 412. ಯೂರಿಯಾ ಮೇಲೆ 283. ಪೊಟ್ಯಾಷ್ ಮೇಲೆ 530! ಗೊಬ್ಬರದ ಮೂಟೆ ಅಜ್ಜಿಯ ಕಲ್ಲನ್ನೂ ಮೀರಿಸಿತು.

ಬಂಡೆಮೇಷ್ಟ್ರು

ಹಾಗಾದರೆ ಕಿಟ್ ಸರಿಯಿದೆ, ಕಲ್ಲಿನ ಏರಿಕೆಯೂ ನಿಜ. ಗ್ರಾನೈಟ್‌ನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಮೂರೂ ಅಲ್ಪ ಪ್ರಮಾಣದಲ್ಲಿ ಇರುತ್ತವೆ. ನಮ್ಮ ಸೀಮೆಯಲ್ಲಿ ಬೇಲಿಯ ಕಂಬವೂ ಕಲ್ಲೇ, ಬಚ್ಚಲ ಹಾಸೂ ಕಲ್ಲೇ.

ಈಗ ಲೆಕ್ಕ. ಕಲ್ಲಿನಿಂದ ನಿಮಿಷಕ್ಕೆ 12 ಎಣಿಕೆ ಹೆಚ್ಚು. ನಿಮಿಷದ ಎಣಿಕೆಯನ್ನು ಮೈಕ್ರೋಸೀವರ್ಟ್‌ಗೆ (ಮೈಗೆ ತಗುಲುವ ವಿಕಿರಣದ ಅಳತೆ, ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್) ಬದಲಿಸಲು ಜೆ305ಕ್ಕೆ ಸಾಮಾನ್ಯವಾಗಿ ಬಳಸುವ ಗುಣಕ 0.00812. ಅಂದರೆ ಗಂಟೆಗೆ ಸುಮಾರು 0.1 ಮೈಕ್ರೋಸೀವರ್ಟ್. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷವಿಡೀ ಕುಳಿತರೆ 0.15 ಮಿಲಿಸೀವರ್ಟ್ ಆಯಿತು. ಅಜ್ಜಿಯ ಮೈಯೊಳಗಿನ ಪೊಟ್ಯಾಸಿಯಂ ಕೊಡುವುದೂ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ. ಅದನ್ನು ಕೀಳಿಸಲು ಯಾವ ಕಲ್ಲುಕುಟಿಗನೂ ಬರುವುದಿಲ್ಲ.

ಜಗತ್ತಿನ ಸರಾಸರಿ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟ್ ಸಿಗುತ್ತದೆ. ಎದೆಯ ಸಿಟಿ ಸ್ಕ್ಯಾನ್ ಒಂದಕ್ಕೆ ಸುಮಾರು 7. ವಾಂತಿ, ರಕ್ತಕಣಗಳ ಕುಸಿತ ಮುಂತಾದ ವಿಕಿರಣ ಕಾಯಿಲೆ ಕಾಣುವುದು ಅಲ್ಪ ಕಾಲದಲ್ಲಿ 1000ದ ಆಸುಪಾಸು ತಗುಲಿದಾಗ. 100ಕ್ಕಿಂತ ಕೆಳಗೆ ಕ್ಯಾನ್ಸರ್ ಸಾಧ್ಯತೆಯ ಏರಿಕೆ ಇದ್ದರೂ ಅಂಕಿಅಂಶಗಳಲ್ಲಿ ಬೇರ್ಪಡಿಸಿ ತೋರಿಸುವುದು ಕಷ್ಟ.

ಆ 2.4ರಲ್ಲಿ ಅರ್ಧದಷ್ಟು ರೇಡಾನ್ ಅನಿಲದ ಪಾಲು. ನೆಲದಿಂದ ಹೊಮ್ಮಿ ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಉಸಿರಿನ ಮೂಲಕ ಶ್ವಾಸಕೋಶಕ್ಕೆ ಹೋಗುವುದರಿಂದ ನಾನು ಕಲ್ಲಿಗಿಂತ ಇದಕ್ಕೆ ಹೆಚ್ಚು ಹೆದರುತ್ತೇನೆ. ಗಾಳಿಯಾಡುವ ಜಗಲಿ ಬಿಟ್ಟು ಕಿಟಕಿ ಮುಚ್ಚಿದ ಕೋಣೆಗೆ ಅಜ್ಜಿಯನ್ನು ಕಳುಹಿಸಬೇಡಿ.

ಸಯನೈಡ್‌ದಿಬ್ಬ (ಕೆಜಿಎಫ್)

ನಿಮ್ಮ ಕೋಣೆಯ 29ರಲ್ಲಿ ಒಂದು ಭಾಗ ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣದ್ದು, ಅದಕ್ಕೆ ಕಲ್ಲನ್ನು ಬೈಯಬೇಡಿ. ಆಳಕ್ಕೆ ಹೋದಂತೆ ಅದು ಎಷ್ಟು ಕಡಿಮೆಯಾಗುತ್ತದೆಂದು ಅಳೆಯಲೆಂದೇ ವಿಜ್ಞಾನಿಗಳು ನಮ್ಮ ಚಿನ್ನದ ಗಣಿಗೆ ಇಳಿದಿದ್ದರು. ಅತಿ ಆಳದಲ್ಲಿ ಎರಡು ತಿಂಗಳು ಕಾದರೂ ಉಪಕರಣ ಒಂದು ಎಣಿಕೆಯನ್ನೂ ಕೊಡಲಿಲ್ಲ. ಆ ನಿಶ್ಶಬ್ದವಿದ್ದುದರಿಂದಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೊ (ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಹುಟ್ಟುವ, ಬಂಡೆಯನ್ನೂ ದಾಟಿಬರುವ ಕಣ) ಅಲ್ಲಿ ಪತ್ತೆಯಾಯಿತು. ನಮ್ಮೂರಿನವರು ಇದನ್ನು ಹೇಳದೆ ಇರಲಾರೆವು, ಕ್ಷಮಿಸಿ.

ರೇಷ್ಮೆಗೂಡು

ಅಪ್ಪನಿಗೆ ಪೊಟ್ಯಾಷ್ ಮೂಟೆ ತೋರಿಸಿದ ಮೇಲೆ ಚಪ್ಪಡಿ ಕೀಳಿಸುವ ಮಾತು ನಿಂತಿತು. ಕೊಳವೆಬಾವಿ ನೀರನ್ನೂ ಬಿಂದಿಗೆಯಲ್ಲಿಟ್ಟು ಅಳೆದೆ, ಏನೂ ಏರಲಿಲ್ಲ. ಕುಡಿಯಬಹುದಲ್ಲವೇ?

ಬಂಡೆಮೇಷ್ಟ್ರು

ಅಲ್ಲಿ ಮಾತ್ರ ಈ ಯಂತ್ರವನ್ನು ನಂಬಬೇಡಿ. ನಮ್ಮ ಕಡೆಯ ಆಳದ ಕೊಳವೆಬಾವಿಗಳಲ್ಲಿ ಕಲ್ಲಿನಿಂದ ಕರಗಿದ ಯುರೇನಿಯಂ ಮಿತಿ ಮೀರಿದ್ದುಂಟು. ಅದು ಹೊರಡಿಸುವ ಆಲ್ಫಾ ಕಣಗಳನ್ನು ನೀರೇ ತಡೆಯುತ್ತದೆ, ಉಳಿದದ್ದನ್ನು ಗಾಜು ತಡೆಯುತ್ತದೆ. ಹಾನಿಯೂ ವಿಕಿರಣದಿಂದ ಆಗುವುದಕ್ಕಿಂತ ಲೋಹವಾಗಿ ಮೂತ್ರಪಿಂಡಕ್ಕೆ ಆಗುವುದೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಪ್ರಯೋಗಾಲಯಕ್ಕೆ ಕೊಡುವಾಗ ಫ್ಲೋರೈಡ್ ಜೊತೆಗೆ ಯುರೇನಿಯಂ ಎಂದೂ ಬರೆಸಿ, ಬರೆಸದಿದ್ದರೆ ನೋಡುವುದಿಲ್ಲ. ಕುದಿಸಿದರೆ ರೇಡಾನ್ ಹಾರಿಹೋಗುತ್ತದೆ, ಯುರೇನಿಯಂ ತಳದಲ್ಲೇ ಉಳಿಯುತ್ತದೆ. ಫಲಿತಾಂಶ ಬರುವವರೆಗೆ ಆರ್‌ಒ ನೀರು ಕುಡಿಯಿರಿ.

ರೇಷ್ಮೆಗೂಡು

ಸೋಮವಾರವೇ ಬಾಟಲಿ ಕೊಟ್ಟುಬರುತ್ತೇನೆ, ಮೇಷ್ಟ್ರೇ. ಕೊನೆಯದಾಗಿ, ಬಜರ್‌ಗೆ ಸ್ವಿಚ್ ಎಲ್ಲಿ ಹಾಕಲಿ? ಅದು ಟಿಕ್ಕೆಂದಾಗಲೆಲ್ಲ ಅಜ್ಜಿ ಹಲ್ಲಿ ಲೊಚಗುಟ್ಟಿತೆಂದುಕೊಂಡು "ಕೃಷ್ಣ ಕೃಷ್ಣ" ಎನ್ನುತ್ತಾ ನೆಲ ಮುಟ್ಟುತ್ತಿದ್ದಾರೆ.

ಬೆಸುಗೆಕಡ್ಡಿ

ಬಜರ್‌ನ ಕೆಂಪು ತಂತಿ ಕತ್ತರಿಸಿ ನಡುವೆ ಹಾಕಿ. ನಿಮಿಷಕ್ಕೆ 41 ಸಲ ನೆಲ ಮುಟ್ಟಿದರೆ ಅವರ ಸೊಂಟದ ಗತಿಯೇನು!