ಅರ್ಧ ಬಳಸಿದ ರೀಲನ್ನು ಮತ್ತೆ ಹಾಕಿದಾಗ ಚಿತ್ರದ ಮೇಲೆ ಚಿತ್ರ ಬಂದಿದೆ, ಕಾರಣವೇನು?

ಕಪ್ಪುಬಿಳುಪು (ಪ್ರಶ್ನೆ):
ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಬೆಳಕು ಕಡಿಮೆಯೆಂದು ನನ್ನ ಪೆಂಟಾಕ್ಸ್ ಕೆ1000 ಕ್ಯಾಮೆರಾಕ್ಕೆ 400 ಐಎಸ್‌ಒ ಕಪ್ಪು-ಬಿಳುಪು ರೀಲು ಹಾಕಿದ್ದೆ. 14 ಚಿತ್ರಗಳಾದ ಮೇಲೆ ಹೊರಗೋಡೆಯ ಶಿಲ್ಪಗಳಿಗೆ ಬಣ್ಣದ ರೀಲು ಬೇಕೆನಿಸಿತು. ಹಳೆಯದನ್ನು ಹಿಂದಕ್ಕೆ ಸುತ್ತಿ ತೆಗೆದು, ಡಬ್ಬಿಯ ಮೇಲೆ 14 ಎಂದು ಬರೆದಿಟ್ಟೆ. ವಾರದ ನಂತರ ಅದನ್ನೇ ಹಾಕಿ, ಲೆನ್ಸಿಗೆ ಮುಚ್ಚಳವಿಟ್ಟು, 14ನೆಯ ಖಾಲಿ ಕ್ಲಿಕ್ ಆದ ಮೇಲೆ ಮುಂದಿನ ಚಿತ್ರಗಳನ್ನು ತೆಗೆದೆ. ತೊಳೆಸಿ ನೋಡಿದರೆ 14ನೆಯ ಚಿತ್ರದ ಅರ್ಧದ ಮೇಲೆ ಹೊಸ ಚಿತ್ರ ಕುಳಿತಿದೆ, ಉಳಿದವೆಲ್ಲ ಸರಿಯಾಗಿವೆ. ಒಳಗಿನ ಹಲ್ಲುಚಕ್ರ ಸವೆದಿರಬಹುದೇ?

ಹಳೇಶಟರ್:
ಚಕ್ರ ಸವೆದಿದ್ದರೆ ಇಡೀ ರೀಲಿನಲ್ಲಿ ಚಿತ್ರಗಳ ನಡುವಿನ ಅಂತರ ಏರುಪೇರಾಗುತ್ತಿತ್ತು; ನಿಮ್ಮಲ್ಲಿ ಕೆಟ್ಟಿರುವುದು ಹಳೆಯದೂ ಹೊಸದೂ ಕೂಡುವ ಒಂದೇ ಜಾಗ. ನಿಮ್ಮ ಎಣಿಕೆ ಸರಿಯಾಗಿದೆ, ಫಿಲ್ಮ್ ಕುಳಿತ ಜಾಗ ಬೇರೆಯಾಗಿದೆ. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚಿತ್ರಕ್ಕೆ ಅಂಚಿನ 8 ತೂತುಗಳು, ಅಂದರೆ 38 ಮಿ.ಮೀ. ಸರಿತ. ಎರಡನೆಯ ಸಲ ಫಿಲ್ಮಿನ ನಾಲಿಗೆಯನ್ನು, ಅಂದರೆ ಡಬ್ಬಿಯಿಂದ ಹೊರಚಾಚಿದ ತುದಿಯನ್ನು, ಕ್ಯಾಮೆರಾದೊಳಗಿನ ಸುರುಳಿಯ ಸೀಳಿಗೆ ತುಸು ಹೆಚ್ಚೋ ಕಡಿಮೆಯೋ ಸಿಕ್ಕಿಸಿದಾಗ ಹಲ್ಲುಗಳು ಬೇರೆ ತೂತುಗಳನ್ನು ಹಿಡಿಯುತ್ತವೆ, ಮತ್ತು ನಾಲ್ಕು ತೂತುಗಳ ವ್ಯತ್ಯಾಸವಾದರೂ ಅರ್ಧ ಚಿತ್ರ ಹೋದಂತೆಯೇ. ಎಣಿಕೆಯ ಮುಳ್ಳು ಎಣಿಸುವುದು ನೀವು ಫಿಲ್ಮ್ ಸರಿಸುವ ಸನ್ನೆಯನ್ನು ಎಷ್ಟು ಸಲ ಎಳೆದಿರಿ ಎಂಬುದನ್ನು. ಫಿಲ್ಮ್ ಎಲ್ಲಿದೆಯೆಂಬುದು ಅದಕ್ಕೆ ತಿಳಿಯದು.

ಸುಲಭದ ದಾರಿಯೆಂದರೆ ಇನ್ನೂ ಎರಡು ಖಾಲಿ ಕ್ಲಿಕ್ ಮಾಡಿ, 16ಕ್ಕೆ ನಿಲ್ಲಿಸಿ, 17ರಿಂದ ಶುರು ಮಾಡುವುದು. ಎರಡು ಚಿತ್ರ ಉಳಿಸಲು ಹೋಗಿ ನವರಂಗದ ಶಿಲ್ಪದ ಮೇಲೆ ಬಸ್‌ಸ್ಟ್ಯಾಂಡ್ ಮೂಡಿಸಿಕೊಳ್ಳುವುದು ನನ್ನ ಲೆಕ್ಕದಲ್ಲಿ ಉಳಿತಾಯವಲ್ಲ. ಅಷ್ಟೂ ವ್ಯರ್ಥವಾಗಬಾರದೆಂದರೆ, ಹೊಸ ರೀಲನ್ನು ಮೊದಲ ಸಲ ಹಾಕುವಾಗಲೇ, ಎರಡೂ ಅಂಚಿನ ತೂತುಗಳು ಹಲ್ಲಿಗೆ ಸಿಕ್ಕಿ ಫಿಲ್ಮ್ ಬಿಗಿಯಾದ ಮೇಲೆ, ಹಿಂಬಾಗಿಲು ಮುಚ್ಚುವ ಮುನ್ನ, ಡಬ್ಬಿಯ ಬಾಯಿಯ ನೇರಕ್ಕೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದುಕೊಳ್ಳಿ. ಮತ್ತೆ ಹಾಕುವಾಗ ಆ ಗೆರೆ ಅಲ್ಲಿಗೇ ಬಂದರೆ ಚಿತ್ರಗಳು ಬಹುಮಟ್ಟಿಗೆ ಸಾಲಾಗಿ ಕೂರುತ್ತವೆ.

ಕಪ್ಪುಬಿಳುಪು:
ಧನ್ಯವಾದಗಳು. ಹಿಂದಕ್ಕೆ ಸುತ್ತುವಾಗ ನಾಲಿಗೆಯೂ ಡಬ್ಬಿಯೊಳಗೆ ಹೋಗಿಬಿಟ್ಟಿತ್ತು, ಸ್ಟುಡಿಯೊದಲ್ಲಿ ಹೊರಗೆಳೆಸಿದೆ. ಆ ಗೆರೆಯೂ ಒಳಗೇ ಹೋಗುವುದಿಲ್ಲವೇ?

ಹಳೇಶಟರ್:
ಹೋದರೂ ನಾಲಿಗೆಯೊಂದಿಗೆ ಗೆರೆಯೂ ಹೊರಗೆ ಬರುತ್ತದೆ. ಆದರೆ ಒಳಗೆ ಹೋಗದಂತೆ ತಡೆಯುವುದು ಕಷ್ಟವೇನಲ್ಲ. ತಳದ ಗುಂಡಿ ಒತ್ತಿ ಹಿಡಿಕೆ ತಿರುಗಿಸುತ್ತಾ ಬಂದಾಗ, ಕೊನೆಯಲ್ಲಿ ಬಿಗಿ ಹೆಚ್ಚಾಗಿ, ನಾಲಿಗೆ ಸುರುಳಿಯಿಂದ ಕಳಚಿದ ಕೂಡಲೇ ಕೈಗೆ ಹಗುರವಾಗುತ್ತದೆ, ಅಲ್ಲಿಗೇ ನಿಲ್ಲಿಸಿ. ಕ್ಯಾಮೆರಾವನ್ನು ಕಿವಿಗೆ ಹಿಡಿದರೆ ಕಳಚುವ ಸದ್ದೂ ಕೇಳಿಸುತ್ತದೆ.

ಕತ್ತಲಕೋಣೆ:
ಒಂದು ಮಾತು ಸೇರಿಸುತ್ತೇನೆ. ಕೆ1000ದ ಶಟರ್ ಯಾಂತ್ರಿಕವಾದದ್ದು. ಮುಚ್ಚಳವಿಟ್ಟು, ವೇಗವನ್ನು 1/1000ಕ್ಕೆ, ಅಪರ್ಚರನ್ನು 22ಕ್ಕೆ ಇಟ್ಟು, ನೆರಳಿನಲ್ಲಿ ಖಾಲಿ ಕ್ಲಿಕ್ ಮಾಡಿದರೆ ಸಾಕು. ನಿಕಾನ್ ಎಫ್‌ಇಯಂಥ ಕ್ಯಾಮೆರಾವನ್ನು ತಾನೇ ವೇಗ ಆರಿಸುವ ಆಟೋ ವಿಧಾನದಲ್ಲೇ ಬಿಟ್ಟರೆ, ಮುಚ್ಚಳದ ಕತ್ತಲನ್ನು ಕಂಡ ಮೀಟರು ಶಟರನ್ನು ಹಲವು ಸೆಕೆಂಡು ತೆರೆದೇ ಇಡುತ್ತದೆ, ಮುಚ್ಚಳ ಸಡಿಲವಿದ್ದರೆ ಹಳೆಯ ಚಿತ್ರಗಳ ಮೇಲೆ ಬೆಳಕು ಬೀಳುತ್ತದೆ. ಆದ್ದರಿಂದ ಅದರಲ್ಲಿ ವೇಗವನ್ನು ಕೈಯಾರೆ 1/1000ಕ್ಕೆ ಇಡಬೇಕು. ಡಬ್ಬಿಯ ಮೇಲೆ ಬರೆಯುವಾಗ ಸಂಖ್ಯೆಯ ಜೊತೆ ಕ್ಯಾಮೆರಾದ ಹೆಸರನ್ನೂ ಬರೆಯಿರಿ. ಬೇರೆ ಕ್ಯಾಮೆರಾಕ್ಕೆ ಹಾಕಿದರೆ ಗೆರೆಯ ಲೆಕ್ಕ ನಡೆಯುವುದಿಲ್ಲ, ಎರಡು ಖಾಲಿ ಕ್ಲಿಕ್ಕೇ ಗತಿ.