ಸಹಾಯ ಬೇಕು: ಪೆಲೆಟ್ ಒಲೆ ಅರ್ಧಕ್ಕೇ ಹೊಗೆ ಬಿಡ್ತಿದೆ (ಮಂಡ್ಯ)

ಪೆಲೆಟ್ (ಹೊಟ್ಟು, ಸಿಪ್ಪೆ ಒತ್ತಿ ಮಾಡಿದ ಉರುವಲು ಗುಳಿಗೆ) ಹಾಕಿ ಉರಿಸೋ, ಫ್ಯಾನ್ ಇರೋ ಮನೆ ಬಳಕೆ ಒಲೆ, 12 ವೋಲ್ಟ್ ಅಡಾಪ್ಟರ್. ಹೊತ್ತಿಸಿ ಇಪ್ಪತ್ತು ನಿಮಿಷ ಚೆನ್ನಾಗಿ ಉರಿಯುತ್ತೆ. ಆಮೇಲೆ ಉರಿ ಕೆಂಪಗಾಗಿ ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತೆ.

ಬೂದಿ ತಟ್ಟೆ ಖಾಲಿ ಮಾಡಿ, ಫ್ಯಾನ್ ರೆಕ್ಕೆ ಒರೆಸಿ ಆಗಿದೆ. ಫ್ಯಾನ್ ಓಡ್ತಿರುವಾಗ್ಲೇ ಅಳೆದೆ, 11.8 ವೋಲ್ಟ್ ಇದೆ. ಪೆಲೆಟ್ ಉರಿಯೋ ಬಟ್ಟಲಿನ ಮೇಲಂಚಿನ ತೂತುಗಳನ್ನ ಸೈಕಲ್ ಕಡ್ಡೀಲಿ ಬಿಡಿಸಿದೆ. ಹೊಗೆ ಸುಡೋ ಗಾಳಿ ಬರೋದು ಅಲ್ಲಿಂದ್ಲೇ, ಕೆಳಗಿನವು ಕೆಂಡಕ್ಕೆ. ಪೆಲೆಟ್ ಆ ತೂತುಗಳಿಗಿಂತ ಎರಡು ಬೆರಳು ಕೆಳಗೇ ಇರುತ್ತೆ.

ನನ್ನ ಅನುಮಾನವೆಲ್ಲ ಪೆಲೆಟ್ ಮೇಲೇ. ಹಿಂದಿನ ಚೀಲ ಮರದ ಹೊಟ್ಟಿನದು, ಈ ಸಲದ್ದು ಕಬ್ಬಿನ ಸಿಪ್ಪೆ ಬೆರೆತದ್ದು. ಆರಿದ ಮೇಲೆ ನೋಡಿದ್ರೆ ತಳದಲ್ಲಿ ಅಂಗೈ ಅಗಲದ, ಗಾಜಿನಂಥ ಕಪ್ಪು ಕಿಟ್ಟ. ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಒಂದೇ ತುಂಡಾಗಿ ಏಳುತ್ತೆ. ಬೂದಿ ಕರಗಿ ಕೆಳಗಿನ ಗಾಳಿ ಕಟ್ಟಿಬಿಡ್ತಿದೆ. ಫ್ಯಾನ್ ಜೋರು ಮಾಡಿದ್ರೆ ಕೆಂಡ ಇನ್ನೂ ಕಾದು ಕಿಟ್ಟ ಹೆಚ್ಚುತ್ತೆ, ಅಲ್ವಾ? ಪೆಲೆಟ್ ತೇವವೂ ಇರಬಹುದು: ಟಕ್ ಅಂತ ಮುರಿಯಲ್ಲ, ಬೆರಳಲ್ಲೇ ಪುಡಿಯಾಗುತ್ತೆ.

ಗೊತ್ತಿರೋರು ಹೇಳಿ: ಹೊಟ್ಟಿನ ಪೆಲೆಟ್ ಅರ್ಧಕ್ಕರ್ಧ ಬೆರೆಸಿದ್ರೆ ಕಿಟ್ಟ ಕಮ್ಮಿಯಾಗುತ್ತಾ? ಮಧ್ಯದಲ್ಲಿ ಕೆದಕಬಹುದಾ? 8 ಮಿಲಿಮೀಟರ್ ಹೊಟ್ಟಿನ ಪೆಲೆಟ್ ಮಂಡ್ಯದಲ್ಲೋ ಮೈಸೂರಲ್ಲೋ ಒಂದೇ ಚೀಲ ಕೊಡೋರು ಇದ್ದಾರಾ? ಲೋಡ್‌ಗಟ್ಟಲೆ ಬೇಡ.