ಶುಗರ್ ಇದ್ದವರ ಮನೆಯ ಚೈನೀಸ್: ನಿಮ್ಮ ಪ್ರಶ್ನೆಗೆ ಡಯಟೀಷಿಯನ್ ಉತ್ತರ

ಪ್ರಶ್ನೆ (ಕಲಬುರಗಿ): ನಮಸ್ಕಾರ ಮೇಡಂ. ನಮ್ಮ ಮನೆಯವರಿಗೆ 52 ವರ್ಷ. ಶುಗರ್ ಇದೆ, ಮಾತ್ರೆ ನಡೆದಿದೆ. ಅನ್ನ, ರೊಟ್ಟಿ ಎರಡೂ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಅದನ್ನು ಹೇಗೋ ಪಾಲಿಸುತ್ತಾರೆ. ಆದರೆ ಭಾನುವಾರ ಸಂಜೆ ಮಕ್ಕಳು ಬಂಡಿಯಿಂದ ಗೋಬಿ ಮಂಚೂರಿ ಕಟ್ಟಿಸಿಕೊಂಡು ಬಂದರೆ ಮುಗೀತು. "ಗೋಬಿ ಅಂದ್ರೆ ತರಕಾರಿ ಅಲ್ವಾ, ಅದರಲ್ಲೇನಿದೆ" ಅಂತ ಅರ್ಧ ಪ್ಲೇಟ್ ಖಾಲಿ ಮಾಡುತ್ತಾರೆ. ಮೈದಾ, ಕಾರ್ನ್‌ಫ್ಲೋರ್ ಬಿಟ್ಟು ಮನೆಯಲ್ಲೇ ಮಾಡಿ ನೋಡಿದೆ. ನೀರು ಬಿಟ್ಟುಕೊಂಡು ಹೂಕೋಸಿನ ಪಲ್ಯ ಆಯಿತು, ಯಾರೂ ಮುಟ್ಟಲಿಲ್ಲ. ಹೋಟೆಲ್ ರುಚಿಯೂ ಬರಬೇಕು, ಶುಗರೂ ಏರಬಾರದು. ಆಗುತ್ತಾ? ನಾವು ಸಸ್ಯಾಹಾರಿಗಳು, ಪನೀರ್ ನಡೆಯುತ್ತೆ.

ಡಯಟೀಷಿಯನ್: ಆಗುತ್ತೆ ಅಕ್ಕಾವ್ರೇ. ನಿಮ್ಮ ಮನೆಯವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. 100 ಗ್ರಾಂ ಹೂಕೋಸಿನಲ್ಲಿ ಕಾರ್ಬ್, ಅಂದರೆ ಶುಗರ್ ಏರಿಸುವ ಹಿಟ್ಟು-ಸಕ್ಕರೆಯ ಅಂಶ (ಕಾರ್ಬೋಹೈಡ್ರೇಟ್), ಇರುವುದು ಬರೀ 5 ಗ್ರಾಂ. ತಕರಾರು ಹೂಕೋಸಿನದ್ದಲ್ಲ, ಅದಕ್ಕೆ ತೊಡಿಸಿದ ಅಂಗಿಯದ್ದು.

ಲೆಕ್ಕ ನೋಡಿ. 300 ಗ್ರಾಂ ಹೂಕೋಸಿಗೆ ಸಾಮಾನ್ಯವಾಗಿ ಅರ್ಧ ಕಪ್ ಮೈದಾ, ಕಾಲು ಕಪ್ ಕಾರ್ನ್‌ಫ್ಲೋರ್ ಹಾಕುತ್ತಾರೆ. ಗ್ರೇವಿ ಗಟ್ಟಿಯಾಗಲು ಮತ್ತೊಂದು ಚಮಚ ಕಾರ್ನ್‌ಫ್ಲೋರ್. ಮೇಲೆ ಎರಡು ದೊಡ್ಡ ಚಮಚ ಟೊಮೆಟೊ ಕೆಚಪ್, ಒಂದು ಚಮಚ ಸಕ್ಕರೆ. ಎಲ್ಲ ಸೇರಿ ಕಾರ್ಬ್ 100 ಗ್ರಾಂ ದಾಟುತ್ತೆ. ಅದರಲ್ಲಿ ಹೂಕೋಸಿನ ಪಾಲು 15 ಗ್ರಾಂ ಅಷ್ಟೇ! ಹಾಗಾಗಿ ಹಿಟ್ಟು, ಕೆಚಪ್, ಸಕ್ಕರೆ ತೆಗೆಯಿರಿ. ಬಳ್ಳೊಳ್ಳಿ, ಶುಂಠಿ, ಸೋಯಾ, ವಿನೆಗರ್ ಎಲ್ಲೂ ಹೋಗುವುದಿಲ್ಲ. ಚೈನೀಸ್ ಅಂದಾಗ ನಮ್ಮ ನಾಲಿಗೆ ಕೇಳುವುದು ಆ ನಾಲ್ಕನ್ನೇ.

ಈಗ ನೀರಿನ ವಿಷಯ. ನಿಮ್ಮದು ಪಲ್ಯ ಆಗಿದ್ದು ಮೈದಾ ಬಿಟ್ಟಿದ್ದಕ್ಕಲ್ಲ, ತರಕಾರಿ ಒದ್ದೆ ಇತ್ತು ಅನಿಸುತ್ತೆ. ಹೂಕೋಸನ್ನು ಚಿಕ್ಕದಾಗಿ ಬಿಡಿಸಿ ಉಪ್ಪು ಹಾಕಿದ ಕುದಿಯುವ ನೀರಲ್ಲಿ 2 ನಿಮಿಷ ಬಿಡಿ, ಹುಳ ಇದ್ದರೆ ಹೋಗುತ್ತೆ. ಬಸಿದು ಬಟ್ಟೆ ಮೇಲೆ ಹರವಿ. ಮುಟ್ಟಿದರೆ ಕೈಗೆ ಪಸೆ ಅಂಟಬಾರದು, ಅಷ್ಟು ಆರಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಮಾಳಿಗೆ ಮೇಲಿಟ್ಟರೆ ಹತ್ತೇ ನಿಮಿಷ ಸಾಕು, ಬಿಸಿಲಿನಿಂದ ಒಂದು ಉಪಕಾರವಾದರೂ ಆಗಲಿ. 200 ಗ್ರಾಂ ಪನೀರನ್ನೂ ತುಂಡು ಮಾಡಿ ಒರೆಸಿಡಿ. ಹೂಕೋಸು 150 ಗ್ರಾಂ, ಒಂದು ಕ್ಯಾಪ್ಸಿಕಂ, ಒಂದು ಹಿಡಿ ಉಳ್ಳಾಗಡ್ಡಿ ಸೊಪ್ಪು ತಗೊಳ್ಳಿ. ಇದು ಇಬ್ಬರಿಗೆ.

ಒಲೆ ಹಚ್ಚುವ ಮೊದಲೇ ಬಟ್ಟಲಲ್ಲಿ ಸಾಸ್ ಕಲಸಿಡಿ. ಸೋಯಾ ಸಾಸ್ ಒಂದು ದೊಡ್ಡ ಚಮಚ, ವಿನೆಗರ್ ಒಂದು ಚಿಕ್ಕ ಚಮಚ, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಒಂದು ದೊಡ್ಡ ಚಮಚ, ಕಾಳುಮೆಣಸಿನ ಪುಡಿ, ಎರಡು ಚಮಚ ನೀರು. ಉಪ್ಪು ಬೇಡ. ಬ್ಯಾಡಗಿ ಕೆಂಪು ಕೊಡುತ್ತೆ, ಖಾರ ಕಮ್ಮಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು 2024ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದೆ, ಮನೆಯಲ್ಲಂತೂ ಅದರ ಅಗತ್ಯವೇ ಇಲ್ಲ.

ಕಬ್ಬಿಣದ ಕಡಾಯಿ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ ಬಿಟ್ಟು ಪನೀರ್ ಕೆಂಪಗೆ ಮಾಡಿ ತೆಗೆದಿಡಿ. ಆಮೇಲೆ ಹೂಕೋಸು. ಹಾಕಿದ ಕೂಡಲೇ ಕೈಯಾಡಿಸಬೇಡಿ, ಒಂದು ನಿಮಿಷ ಸುಮ್ನೆ ಬಿಡಿ. ಅಲ್ಲಲ್ಲಿ ಕಂದು ಕಲೆ ಬಿದ್ದಮೇಲೆ ತಿರುವಿ, ಅದನ್ನೂ ತೆಗೆದಿಡಿ. ಮತ್ತೆ ಸ್ವಲ್ಪ ಎಣ್ಣೆ, ಸಣ್ಣಗೆ ಹೆಚ್ಚಿದ ಎಂಟ್ಹತ್ತು ಎಸಳು ಬಳ್ಳೊಳ್ಳಿ, ಶುಂಠಿ, ಹಸಿಮೆಣಸಿನಕಾಯಿ. ಘಮ್ಮೆಂದ ತಕ್ಷಣ ಕ್ಯಾಪ್ಸಿಕಂ. ಅದು ಕರುಮ್ ಅನ್ನುವಂತಿರುವಾಗಲೇ ಎಲ್ಲವನ್ನೂ ವಾಪಸ್ ಹಾಕಿ, ಸಾಸನ್ನು ಕಡಾಯಿಯ ಅಂಚಿನಿಂದ ಸುರಿಯಿರಿ. ಕೊನೆಗೆ ಹುರಿದ ಶೇಂಗಾದ ತರಿ ಪುಡಿ ಎರಡು ಚಮಚ. ಕಾರ್ನ್‌ಫ್ಲೋರ್ ಇಲ್ಲದೆಯೂ ಸಾಸ್ ಹೋಳುಗಳಿಗೆ ಅಂಟಿಕೊಳ್ಳುವುದು ಇದರಿಂದಲೇ. ಇದು ನನ್ನ ಹೊಸ ಕಂಡುಹಿಡಿಕೆ ಏನಲ್ಲ, ಚೀನಾದ ಸಿಚುವಾನ್ ಕಡೆಯ ಗೊಂಗ್‌ಬಾವ್ ಚಿಕನ್‌ಗೂ ಶೇಂಗಾ ಬೇಕೇ ಬೇಕು. ಒಲೆ ಆರಿಸಿ ಉಳ್ಳಾಗಡ್ಡಿ ಸೊಪ್ಪು ಉದುರಿಸಿ. ಇಬ್ಬರ ಪಾಲಿನ ಕಾರ್ಬ್ ಸೇರಿಸಿದರೂ 25 ಗ್ರಾಂ ಆಸುಪಾಸು.

ಒಂದು ಮಾತು, ನಿಮ್ಮವರು ಯಾವ ಮಾತ್ರೆ ತಗೊಳ್ತಾರೆ? ದಯವಿಟ್ಟು ಹೆಸರು ಹಾಕಿ.

ಹೋಟೆಲ್ ಅಡುಗೆಯವರು (ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಿಂದ): ಮೇಡಂ ಹೇಳಿದ್ದು ಸರಿ ಇದೆ ರೀ. ಉರಿ ಬಗ್ಗೆ ಒಂದೆರಡು ಮಾತು ಸೇರಿಸ್ತೀನಿ. ನಮ್ಮ ಹೈ ಪ್ರೆಷರ್ ಬರ್ನರ್ ಉರಿ ಮನೆ ಒಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಅದಕ್ಕೇ ಕಡಾಯಿ ತುಂಬ ಹಾಕಿದರೂ ನೀರು ಅಲ್ಲಲ್ಲೇ ಆವಿಯಾಗುತ್ತೆ. ಮನೆ ಒಲೆ ಮೇಲೆ ಅಷ್ಟು ಹಾಕಿದರೆ ಕಡಾಯಿ ತಣ್ಣಗಾಗಿ ತರಕಾರಿ ಬೇಯೋಕೆ ಶುರು. ಒಂದು ಸಲಕ್ಕೆ ತಳ ಮುಚ್ಚುವಷ್ಟೇ ಹಾಕಿ, ಒಂದರ ಮೇಲೊಂದು ಬೀಳಬಾರದು. ನಾಲ್ಕು ಜನಕ್ಕೆ ಬೇಕಾದರೆ ಎರಡು ಸಲ ಮಾಡಿ. ನಾನ್‌ಸ್ಟಿಕ್ ಖಾಲಿ ಕಾಯಿಸಬೇಡಿ, ಮೇಲಿನ ಪದರ ಹಾಳಾಗುತ್ತೆ. ಇನ್ನು ಗಾಣದ ಕುಸುಬಿ ಎಣ್ಣೆ ಈ ಉರಿಗೆ ಬೇಡ, ಬೇಗ ಹೊಗೆ ಏಳುತ್ತೆ. ರಿಫೈನ್ಡ್ ಶೇಂಗಾ ಎಣ್ಣೆ ಇರಲಿ. ಕುಸುಬಿ ಎಣ್ಣೆ ಹಿಂಡಿ ಪಲ್ಯಕ್ಕಿರಲಿ.

ಪ್ರಶ್ನೆ (ಆಳಂದ): ಮೈದಾ ಬದಲು ಜೋಳದ ಹಿಟ್ಟಲ್ಲಿ ಅದ್ದಿ ಕರಿದರೆ ನಡೆಯುತ್ತಾ ಮೇಡಂ? ನಮ್ಮದೇ ಹೊಲದ ಬಿಳಿ ಜೋಳ.

ಡಯಟೀಷಿಯನ್: ಜೋಳ ಒಳ್ಳೆಯದೇ, ನಾರು ಮೈದಾಗಿಂತ ಜಾಸ್ತಿ. ಆದರೆ ಕಾರ್ಬ್ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ. 100 ಗ್ರಾಂಗೆ 70ರ ಆಚೀಚೆ. "ರೊಟ್ಟಿ ಎಷ್ಟು ತಿಂದರೂ ಶುಗರ್ ಏರಲ್ಲ" ಅನ್ನೋರು ನಮ್ಮ ಕಡೆ ಮನೆಗೊಬ್ಬರು. ಏರುತ್ತೆ ಅಣ್ಣಾವ್ರೇ. ಗರಿಗರಿ ಬೇಕೇ ಬೇಕು ಅಂದರೆ ಒಂದೂವರೆ ಚಮಚ ಕಡಲೆ ಹಿಟ್ಟನ್ನು ಒಣದಾಗಿ ಉದುರಿಸಿ, ಹೂಕೋಸಿಗೆ ಸವರಿ ಹುರಿಯಿರಿ. ನೀರು ಹಾಕಿ ಕಲಸಬೇಡಿ, ಕಲಸಿದರೆ ಹಿಟ್ಟು ಜಾಸ್ತಿ ಹಿಡಿಯುತ್ತೆ. ಹೊಲದ ಜೋಳಕ್ಕೆ ರೊಟ್ಟಿಯೇ ಸರಿ, ಎಣಿಸಿ ತಿನ್ನಿ.

ಪ್ರಶ್ನೆ (ಬೀದರ್): ಸಕ್ಕರೆ ಬದಲು ಬೆಲ್ಲ? ಮತ್ತೆ ನನಗೆ ಬಿಪಿ ಇದೆ, ಸೋಯಾ ಸಾಸ್ ಹಾಕಬಹುದಾ?

ಡಯಟೀಷಿಯನ್: ಬೆಲ್ಲವೂ ಶುಗರ್‌ಗೆ ಸಕ್ಕರೆಯೇ. ಸೋಯಾ ಸಾಸ್‌ನಲ್ಲಿ ಕಾರ್ಬ್ ಕಮ್ಮಿ, ಉಪ್ಪು ಮಾತ್ರ ವಿಪರೀತ. ಒಂದು ದೊಡ್ಡ ಚಮಚದಲ್ಲಿ ಸೋಡಿಯಂ ಸುಮಾರು 900 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 2,000 ಮಿಲಿಗ್ರಾಂ. ನೀವು ಅರ್ಧ ಚಮಚ ಹಾಕಿ, ಉಳಿದದ್ದಕ್ಕೆ ವಿನೆಗರ್, ಬಳ್ಳೊಳ್ಳಿ ಹೆಚ್ಚಿಸಿ. ಆ ದಿನ ಉಪ್ಪಿನಕಾಯಿ, ಹಪ್ಪಳ ಬೇಡ. ರೆಡ್ ಚಿಲ್ಲಿ ಸಾಸ್ ಬಾಟಲಿ ಹಿಂದೆ ಓದಿ, ಮೊದಲ ಮೂರು ಹೆಸರಲ್ಲಿ ಸಕ್ಕರೆ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ (ಯಾದಗಿರಿ): ನಾವು ಚಿಕನ್ ತಿನ್ನೋರು. ಕಾರ್ನ್‌ಫ್ಲೋರ್ ಹಚ್ಚದಿದ್ದರೆ ರಬ್ಬರ್ ಥರ ಆಗುತ್ತೆ.

ಹೋಟೆಲ್ ಅಡುಗೆಯವರು: ಇದಕ್ಕೆ ನಾನು ಹೇಳ್ತೀನಿ ಮೇಡಂ. ಎಲುಬಿಲ್ಲದ 250 ಗ್ರಾಂ ಚಿಕನ್ ತೆಳ್ಳಗೆ ಕೊಯ್ದು, ಕಾಲು ಚಿಕ್ಕ ಚಮಚ ಅಡುಗೆ ಸೋಡಾ ಸವರಿ 15 ನಿಮಿಷ ಬಿಡಿ. ಆಮೇಲೆ ಚೆನ್ನಾಗಿ ತೊಳೆದು ಒರೆಸಿ, ಒಂದು ಮೊಟ್ಟೆಯ ಬಿಳಿ ಭಾಗದಲ್ಲಿ ಕಲಸಿ. ಮೆತ್ತಗೆ ಬರುತ್ತೆ. ತೊಳೆಯದೆ ಹಾಕಿದರೆ ಸೋಪಿನ ರುಚಿ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಮಾತ್ರೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಭಾನುವಾರ ರಾತ್ರಿ ಊಟಕ್ಕೆ ಇದನ್ನೇ ಮಾಡ್ತೀನಿ, ಅನ್ನ ರೊಟ್ಟಿ ಏನೂ ಬೇಡ ಅಲ್ವಾ?

ಡಯಟೀಷಿಯನ್: ಬೇಕು! ಅದಕ್ಕೇ ಹೆಸರು ಕೇಳಿದ್ದು. ಗ್ಲಿಮೆಪಿರೈಡ್ ತಗೊಂಡವರು ಊಟ ಮಾಡಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತೆ. ಒಮ್ಮೆಲೇ ಕಾರ್ಬ್ ಇಳಿಸಿದರೆ ಶುಗರ್ ತೀರಾ ಕೆಳಗೆ ಹೋಗಬಹುದು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಇಷ್ಟು ಹೆದರಿಕೆ ಇರಲಿಲ್ಲ. ಡಾಕ್ಟರ್ ಹತ್ತಿರ ಡೋಸ್ ಮಾತಾಡುವವರೆಗೆ ಜೊತೆಗೆ ದಿನದ ಅಳತೆಯ ರೊಟ್ಟಿ ಇರಲಿ. ಊಟ ಶುರುವಾದ ಎರಡು ಗಂಟೆಗೆ ಮೀಟರ್‌ನಲ್ಲಿ ನೋಡಿ ಬರೆದಿಡಿ. ಬೆವರು, ಕೈ ನಡುಕ, ಅಥವಾ 70ಕ್ಕಿಂತ ಕೆಳಗೆ ಬಂದರೆ 3 ಚಿಕ್ಕ ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದಂತಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೊರಡಿ.

ಮೊದಲು ಕೇಳಿದವರು: ಸರಿ ಮೇಡಂ, ಸೋಮವಾರ ಡಾಕ್ಟರ್ ಹತ್ತಿರ ಹೋಗ್ತೀವಿ. ಮಕ್ಕಳು ನೂಡಲ್ಸ್ ಬೇಕು ಅಂತಿದ್ದಾರೆ, ಅದಕ್ಕೇನು ಮಾಡಲಿ?

ಡಯಟೀಷಿಯನ್: ಮಕ್ಕಳಿಗೆ ಶುಗರ್ ಇಲ್ಲವಲ್ಲ, ಅವರಿಗೆ ನೂಡಲ್ಸ್ ಬೇಯಿಸಿ ಕೊಡಿ. ಅದೇ ಕಡಾಯಿಯಲ್ಲಿ ಎಲೆಕೋಸನ್ನು ಉದ್ದುದ್ದ ಹೆಚ್ಚಿ ಎರಡು ನಿಮಿಷ ಹುರಿದು ಅವರಪ್ಪನ ತಟ್ಟೆಗೆ ಹಾಕಿ. ಮೇಲೆ ನಾಲ್ಕು ಎಳೆ ನಿಜವಾದ ನೂಡಲ್ಸ್ ಇದ್ದರೂ ಪರವಾಗಿಲ್ಲ, ಜಗಳ ಆಗಲ್ಲ.